ಅಕ್ಕನಿಗಾಗಿ ತಗ್ಗಿದ ಕಾರು

ಅಕ್ಕನಾಗಮ್ಮನವರ ಕಾಲು ಕಾರಿಗೆ ಏರಲಿಲ್ಲ. ತಮ್ಮ ಪಂಚಾಕ್ಷರಪ್ಪನ ಸಿಟ್ಟು ನೆತ್ತಿಗೇರಿತು. ಎಲ್ಲ ರಗಳೆಗೂ ಮೂಲ ಇಷ್ಟೇ.

ಓಣಿಗೆಲ್ಲ ಪಂಚಾಕ್ಷರಪ್ಪನದೊಂದೇ ಕಾರು. ನಾಲ್ವರಷ್ಟೇ ಕೂರಬಹುದಾದ ಹಳೇ ಗಾಡಿ. ಹಿಂದಿನ ಧಣಿ ಮಲೆಬೆನ್ನೂರಿನಿಂದ ಭತ್ತದ ಚೀಲ ಹೇರಿ ತರಲೆಂದು ಅದರ ಚಕ್ರದ ಸ್ಪ್ರಿಂಗಿಗೆ ಕಮಾನು ಪಟ್ಟಿಯ ಮೇಲೆ ಪಟ್ಟಿ ಹಾಕಿಸಿದ್ದರಿಂದ ಅದು ಚಕ್ಕಡಿಯಷ್ಟು ಎತ್ತರ ನಿಂತಿತ್ತು. ಹೋದ ವಾರ ಹರಿಹರದಲ್ಲಿ ಅಕ್ಕನ ಮನೆಯೆದುರು ಆಕೆಯನ್ನು ಮಣೆ ಇಟ್ಟು ಹತ್ತಿಸಲು ಹೋಗಿ, ಮಣೆ ಜಾರಿ, ಆಕೆಯ ಸೊಂಟ ಉಳುಕಿತ್ತು.

"ಕಾರು ತಗ್ಗಿಸ್ಕೊಂಡು ಬಾ, ಬರ್ತೀನಿ. ಕುಲುಕಿಸಿದ್ಯೋ, ಅರ್ಧ ದಾರೀಲಿ ಇಳೀತೀನಿ" ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದ್ದರು.

ಇಂದು ಸಂಜೆ ನಾಲ್ಕಕ್ಕೆ ದಾವಣಗೆರೆಯ ಪಂಚಾಕ್ಷರಪ್ಪನ ಮನೆಯಲ್ಲಿ ಅವನ ಮಗಳ ನಿಶ್ಚಯ. ಅವರ ಮನೆತನದಲ್ಲಿ ಹಿರಿಯ ಸೋದರತ್ತೆ ಮೊದಲು ಉಡಿ ತುಂಬದೆ ಶಾಸ್ತ್ರ ಶುರುವಾಗುವಂತಿಲ್ಲ. ಅಕ್ಕ ಬರದಿದ್ದರೆ ಬೀಗರು ಬಂದ ದಾರಿಗೆ ಸುಂಕವಿಲ್ಲದೆ ವಾಪಸು.

ಬೆಳಿಗ್ಗೆ ಅವನು ಜಮಾಲ್ ಸಾಬರ ಗ್ಯಾರೇಜಿಗೆ ಹೋದರೆ ಹಿಂದೆಯೇ ಓಣಿಯ ಮೂವರು ಹಾಜರು: ಅಕ್ಕಿ ಗಿರಣಿಯ ಉಜ್ಜನಪ್ಪ, ಮಂಡಕ್ಕಿ ಭಟ್ಟಿಯ ವಾಮದೇವಪ್ಪ, ಲಾರಿ ಓಡಿಸುವ ಉಚ್ಚೆಂಗಪ್ಪ. ಮೂವರೂ ಕರೆಯದೇ ಬಂದವರು. ಕರೆದಿದ್ದರೆ ಖಂಡಿತ ಬರುತ್ತಿರಲಿಲ್ಲ.

"ಪಟ್ಟಿ ಬಡಿದು ನೆಟ್ಟಗೆ ಮಾಡಿದ್ರೆ ಕಾರು ತಗ್ಗುತ್ರಿ. ಆದ್ರೆ ಗುಂಡಿ ಸಿಕ್ಕಲ್ಲೆಲ್ಲ ಸೊಂಟಕ್ಕೆ ಗುದ್ದುತ್ತೆ. ತೆಳ್ಳಂದು ಹಾಕಿದ್ರೆ ಮೆತ್ತಗೆ ಹೋಗುತ್ತೆ" ಎಂದರು ಜಮಾಲ್ ಸಾಬ್.

"ಬಡೀರಿ ಸಾಬ್ರೆ! ನನ್ನ ಲಾರೀಗೆ ಹಂಗೇ ಮಾಡ್ಸಿದ್ದು" ಎಂದ ಉಚ್ಚೆಂಗಪ್ಪ.

"ನಿನ್ನ ಲಾರೀಲಿ ಕೂಡ್ರೋದು ಹತ್ತಿ ಮೂಟೆ ಕಣಯ್ಯ, ನಮ್ಮಕ್ಕ ಅಲ್ಲ!" ಎಂದ ಪಂಚಾಕ್ಷರಪ್ಪ.

ಆದರೂ ಮೂರು ಬಾಯಿಯ ಮುಂದೆ ಒಂದು ಬಾಯಿ ಗೆಲ್ಲಲಿಲ್ಲ. ಬಡಿದದ್ದಾಯಿತು. ಒಂದು ಸುತ್ತು ಓಡಿಸಿ ನೋಡಿದರೆ, ರೈಲ್ವೆ ಗೇಟಿನ ಬಳಿ ಕಾರು ಎತ್ತಿ ಹಾಕಿದ ರಭಸಕ್ಕೆ ಪಂಚಾಕ್ಷರಪ್ಪ ನಾಲಿಗೆ ಕಚ್ಚಿಕೊಂಡ. ವಾಪಸು ಬಂದು ಮೂವರಿಗೂ ಬೈಯಬೇಕೆಂದರೆ ನಾಲಿಗೆ ಹೊರಳಲಿಲ್ಲ. ಆ ಸಿಟ್ಟು ಬೇರೆ.

ಒಂದು ಗಂಟೆಗೆ ಜಮಾಲ್ ಸಾಬ್ ಎಲ್ಲವನ್ನೂ ಬಿಚ್ಚಿ, ಬಾಗಿದ ತೆಳ್ಳನೆಯ ಪಟ್ಟಿ ಕೂಡಿಸಿದರು. "ಭಾರ ಹಾಕಿ ನೋಡ್ಬೇಕ್ರಿ" ಎಂದದ್ದೇ ತಡ, ಮೂವರೂ ಒಳಗೆ ತುಂಬಿಕೊಂಡರು. ಕಾರು ಒಂದು ಗೇಣು ಇಳಿಯಿತು. ಓಡಿಸಿದರೆ ತೊಟ್ಟಿಲು ತೂಗಿದಂತೆ ಹಾಯಾಗಿತ್ತು.

"ಇನ್ನು ಇಳೀರಿ" ಎಂದ ಪಂಚಾಕ್ಷರಪ್ಪ.

"ಹರಿಹರದವರೆಗೂ ಪರೀಕ್ಷೆ ಆಗ್ಲಿ ಬಿಡ್ರಿ" ಎಂದ ಉಜ್ಜನಪ್ಪ, ಕಾಲು ಚಾಚಿ.

ಜಗಳಕ್ಕೂ ಹೊತ್ತಿರಲಿಲ್ಲ. ಇವರನ್ನು ಹರಿಹರದಲ್ಲೇ ಬಿಸಾಡಿ ಬರುತ್ತೇನೆಂದು ಪಂಚಾಕ್ಷರಪ್ಪ ಹಲ್ಲು ಕಡಿಯುತ್ತ ಗಾಡಿ ಬಿಟ್ಟ.

ಅಕ್ಕನಾಗಮ್ಮ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ಕಾದಿದ್ದರು. ಅವರನ್ನು ಕಂಡು ನಾಲ್ವರೂ ಕೆಳಗಿಳಿದರು. ಅವರ ಬೆನ್ನ ಹಿಂದೆ ಕಾರು ಉಸ್ಸೆಂದು ಎದ್ದು, ಮೊದಲಿನಷ್ಟೇ ಎತ್ತರಕ್ಕೆ ನಿಂತಿತು.

"ಪಂಚಾಕ್ಷರಿ, ತಗ್ಗಿಸಿದ್ದು ಇದನ್ನೇ ಏನೋ?"

ಪಂಚಾಕ್ಷರಪ್ಪ ಅದರ ಮೂತಿಯನ್ನು ಎರಡೂ ಕೈಯಿಂದ ಅದುಮಿದ, ಒದ್ದ, ಒಳಗೆ ಕೂತು ಕುಪ್ಪಳಿಸಿದ. ಕಾರು ಜಗ್ಗಲಿಲ್ಲ. ಗಂಟೆ ಮೂರಾಗಿತ್ತು.

"ನಾವು ಕೂತಾಗ ತಗ್ಗಿತ್ತಲ್ರಿ!" ಎಂದು ಉಚ್ಚೆಂಗಪ್ಪನಿಗೆ ಹೊಳೆಯಿತು. ಉಜ್ಜನಪ್ಪ, ವಾಮದೇವಪ್ಪ ಹಿಂದೆ ಕೂತರು, ಉಚ್ಚೆಂಗಪ್ಪ ಸ್ಟೀರಿಂಗ್ ಹಿಡಿದು ಕೂತ. ಕಾರು ವಿನಯದಿಂದ ಬಗ್ಗಿತು. ಅಕ್ಕ ಹೊಸ್ತಿಲು ದಾಟಿದಷ್ಟು ಸಲೀಸಾಗಿ ಮುಂದಿನ ಸೀಟಿಗೆ ಬಂದು ಕೂತರು.

"ಅಕ್ಕ ಕೂತಾಯ್ತಲ್ಲ, ಇಳೀರಿ ಎಲ್ಲ!"

"ಇಳಿದ್ರೆ ದಾರೀಲಿ ಎತ್ತಿ ಹಾಕಲ್ವೇನ್ರಿ? ಅಲ್ಲಿ ಹೋದ ಮೇಲೆ ಅಕ್ಕೋರು ಇಳಿಯೋದು ಹೆಂಗೆ?" ಎಂದ ವಾಮದೇವಪ್ಪ.

"ಹಂಗಾದ್ರೆ ನಾನೆಲ್ಲಿ ಕೂಡ್ರಲಿ? ಹೆಣ್ಣಿನ ಅಪ್ಪ ಕಣ್ರಯ್ಯ ನಾನು! ಕಾರು ನಂದು!"

ಅಕ್ಕ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸುಮ್ನಿರೋ ಸಣಕಲ. ನೀನು ಕೂತ್ರೂ ಒಂದೇ, ಇಳಿದ್ರೂ ಒಂದೇ, ಕಾರಿಗೆ ಗೊತ್ತೇ ಆಗಲ್ಲ. ಬಸ್ಸಿಗೆ ಬಾ. ನೀನು ಬರೋವರೆಗೂ ಅಪ್ಪನ ಜಾಗದಾಗೆ ಉಜ್ಜನಪ್ಪ ಕೂಡ್ರಲಿ."

ಕಾರು ಒಂದಿಷ್ಟೂ ಕುಲುಕದೆ ಹೊರಟುಹೋಯಿತು. ಪಂಚಾಕ್ಷರಪ್ಪ ಚಪ್ಪಲಿ ಕೈಗೆ ತೆಗೆದುಕೊಂಡು, ಹೊಡೆಯಲು ಯಾರೂ ಸಿಗದೆ, ಅದನ್ನು ಹಿಡಿದೇ ಬಸ್ ನಿಲ್ದಾಣದತ್ತ ಓಡಿದ.