ಯುದ್ಧಪಂಡಿತರ ಕರಡು ತಿದ್ದಿದ ಕಾಲ

ನಮ್ಮ ಸೀಮೆಯಲ್ಲಿ ಯುದ್ಧ ನೋಡಿ ಬಂದವರು ಬಾಯಿ ಬಿಡುವುದಿಲ್ಲ, ನೋಡದವರು ಬಾಯಿ ಮುಚ್ಚುವುದಿಲ್ಲ. ಹೀಗಾಗಿ ಇಂಥ ಪ್ರಸಂಗಗಳಿಗೆ ಇಲ್ಲಿ ಎಂದೂ ಕೊರತೆಯಾಗಿಲ್ಲ. ನಾನು ಚಳ್ಳಕೆರೆಯ ಶಾಲೆಯಲ್ಲಿ ಮೇಷ್ಟ್ರು. ಕಂಡದ್ದನ್ನು ಕಂಡಷ್ಟೇ ಬರೆಯುವುದು ನನ್ನ ಅಭ್ಯಾಸ. ಕೆಳಗಿನ ಸಂಗತಿಗಳಲ್ಲಿ ನಾನು ಸೇರಿಸಿದ್ದು ಏನೂ ಇಲ್ಲ. ಸೇರಿಸುವ ಕೆಲಸವನ್ನೆಲ್ಲ ಪಂಡಿತರೇ ಮಾಡಿ ಮುಗಿಸಿದ್ದರು.

ಪಂಡಿತರೆಂದರೆ ಯುದ್ಧಪಂಡಿತರು. ಆ ಬಿರುದನ್ನು ಅವರಿಗೆ ಕೊಟ್ಟವರು ಅವರೇ. ಯುದ್ಧಗಳ ಮೇಲೆ ಸಣ್ಣ ಸಣ್ಣ ಪುಸ್ತಕ ಬರೆಯುವುದು, ಸಂತೆಯ ದಿನ ಗಾಡಿಯ ಮೇಲೆ ನಿಂತು ತಗಡಿನ ಕಹಳೆಯನ್ನು ಬಾಯಿಗೆ ಹಿಡಿದು ಅದನ್ನೇ ಕೂಗಿ ಹೇಳುವುದು, ಇದು ಅವರ ವೃತ್ತಿ. ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಅವರ ಮಾತು ಕೇಳದವರಿರಲಿಲ್ಲ. ಕಹಳೆ ಅಷ್ಟು ಜೋರಾಗಿತ್ತು.

೧. ನೀರಿನ ವಿಷಯ

ಯುರೋಪಿನ ಯುದ್ಧ ನಡೆಯುತ್ತಿದ್ದಾಗ ನನ್ನ ತಮ್ಮ ದಂಡಿನ ಜೊತೆ ಬಸ್ರಾಕ್ಕೆ ಹೋದ. ಸಿಪಾಯಿಯಾಗಿ ಅಲ್ಲ, ಸಾಮಾನು ಹೊರುವ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ. ಅವುಗಳಿಗೆ ನೀರು ಕುಡಿಸಬೇಕು, ಮೇವು ಹಾಕಬೇಕು, ಮೈ ಉಜ್ಜಬೇಕು. ವರ್ಷ ತುಂಬುವ ಮೊದಲೇ ಜ್ವರ ಬಂದು ಅಲ್ಲೇ ತೀರಿಕೊಂಡ. ಸರ್ಕಾರದ ಕಾಗದದಲ್ಲಿ ಇದ್ದದ್ದು ಒಂದೇ ಸಾಲು. ನಾನು ಅದನ್ನು ಓದಿ ಹೇಳಿದೆ. ಅವ್ವ ಒಂದೇ ಮಾತು ಕೇಳಿದಳು: “ಅಲ್ಲಿ ನೀರು ಚೆನ್ನಾಗಿತ್ತಾ? ತಿಳಿದೋರನ್ನ ಕೇಳಿ ಬಾ, ದೊಡ್ಡೋನೆ.”

ಯುದ್ಧ ತಿಳಿದವರೆಂದು ಊರಿನಲ್ಲಿ ಇದ್ದವರು ಪಂಡಿತರೊಬ್ಬರೇ. ಅವರ ಮನೆಗೆ ಹೋದೆ.

“ಬಸ್ರಾ! ಅಲ್ಲಿನ ಒಂದೊಂದು ಮರಳಿನ ಕಣವೂ ನನಗೆ ಗೊತ್ತು” ಎಂದರು. ಅವರು ಹಿರಿಯೂರಿನಿಂದ ಆಚೆಗೆ ಹೋದವರಲ್ಲ.

“ಅಲ್ಲಿ ಕುಡಿಯುವ ನೀರು ಹೇಗೆ, ಸ್ವಾಮಿ?”

“ನೀರು ಯುದ್ಧದ ವಿಷಯವಲ್ಲ ಮೇಷ್ಟ್ರೇ, ಅಡುಗೆಯವರ ವಿಷಯ.”

ನಾನು ಎದ್ದೆ. ಅಷ್ಟರಲ್ಲಿ ಅವರಿಗೆ ನನ್ನ ತಮ್ಮನ ನೆನಪಾಗಿ ಕಣ್ಣು ಅರಳಿತು. “ಅವನನ್ನು ನನಗೆ ಬಿಡಿ. ಮುಂದಿನ ಪುಸ್ತಕದಲ್ಲಿ ಅವನಿಗೊಂದು ಜಾಗ ಮಾಡುತ್ತೇನೆ.”

“ಅವನು ಹೇಸರಗತ್ತೆ ಕಾಯುತ್ತಿದ್ದ.”

“ಮೊದಲ ಪುಟದಲ್ಲಿ ಕಾಯಲಿ. ಹತ್ತನೆಯ ಪುಟಕ್ಕೆ ಏನಾಗುತ್ತಾನೋ ಯಾರು ಬಲ್ಲರು?”

ಅವರಿಗೆ ಆಗ ಅಚ್ಚಿನ ಕರಡು ತಿದ್ದುವವರೊಬ್ಬರು ಬೇಕಾಗಿದ್ದರು. ನಾನು ಒಪ್ಪಿಕೊಂಡೆ. ತಮ್ಮನ ಪುಟ ಅಚ್ಚಾಗುವ ಮೊದಲು ನನ್ನ ಕೈ ಹಾದು ಹೋಗಲಿ, ಅವನು ಇದ್ದ ಹಾಗೆಯೇ ಉಳಿಯಲಿ ಎಂಬುದೊಂದೇ ಕಾರಣ. ಪಂಡಿತರ ಷರತ್ತೂ ಒಂದೇ: “ಕಾಗುಣಿತ ತಿದ್ದಿ, ವಿಷಯ ಮುಟ್ಟಬೇಡಿ.”

ಮುಟ್ಟಿದರೆ ನಿಲ್ಲುವಂಥ ವಿಷಯವಲ್ಲ ಅದು ಎಂದು ನನಗೆ ಮೊದಲ ವಾರದಲ್ಲೇ ತಿಳಿಯಿತು.

೨. ಕೋಟೆ ಬಾಗಿಲು

ಪಂಡಿತರು ಮೊದಲು ಯುದ್ಧ ಬರೆಯುತ್ತಿದ್ದರು, ಹೆಸರು ಆಮೇಲೆ. ವೀರನ ಹೆಸರು ಬರಬೇಕಾದ ಕಡೆಯೆಲ್ಲ ಒಂದು ಗೀಟು ಎಳೆದು ಬಿಡುವರು. ಬಳಿಕ ಯಾರ ಮನೆಯಲ್ಲಿ ಹೋಳಿಗೆಯ ಊಟವಾಯಿತೋ ಆ ಮನೆಯ ಅಜ್ಜನ ಹೆಸರನ್ನು ಹಾಳೆಯ ತಲೆಯ ಮೇಲೆ ತಮ್ಮದೇ ಹೆಸರಿನ ಕೆಳಗೆ ಬರೆದು ಬೆಂಗಳೂರಿನ ಅಚ್ಚುಕೂಟಕ್ಕೆ ಕಳಿಸುವರು. ಗೀಟು ಕಂಡಲ್ಲೆಲ್ಲ ತಲೆಯ ಮೇಲಿನ ಹೆಸರನ್ನು ಜೋಡಿಸಬೇಕೆಂದು ಅಲ್ಲಿನ ಅಚ್ಚುಮೊಳೆ ಜೋಡಿಸುವವನಿಗೆ ಖಾಯಂ ಅಪ್ಪಣೆ ಇತ್ತು.

ಒಮ್ಮೆ ತಳಕಿನ ಗೌಡರ ಮನೆಯಲ್ಲಿ ಊಟವಾಯಿತು. ಗೌಡರ ಅಜ್ಜ ದುರ್ಗದ ಕೋಟೆಯ ಬಾಗಿಲಲ್ಲಿ ಒಂಟಿಯಾಗಿ ನಿಂತು, ಎದೆಗೆ ಈಟಿ ತಗುಲಿ, ಬಾಗಿಲ ಚಿಲಕ ಹಿಡಿದುಕೊಂಡೇ ಪ್ರಾಣ ಬಿಟ್ಟರು. ಪುಸ್ತಕ ಚೆನ್ನಾಗಿ ಹೋಯಿತು. ಮರುವರ್ಷ ಮೊಳಕಾಲ್ಮೂರಿನ ರೇಷ್ಮೆ ಸಾಹುಕಾರರ ಮನೆಯಲ್ಲಿ ಊಟವಾಯಿತು. ಹಳೆಯ ಹಾಳೆ ಹೇಗೂ ಇತ್ತು. ತಲೆಯ ಮೇಲಿನ ಹೆಸರು ಮಾತ್ರ ಬದಲಾಯಿತು.

ಒಂದು ಮದುವೆಯ ಚಪ್ಪರದಲ್ಲಿ ಗೌಡರೂ ಸಾಹುಕಾರರೂ ಎದುರೆದುರು ಕೂತರು. ಇಬ್ಬರೂ ಪುಸ್ತಕ ತಂದಿದ್ದರು. ಇಬ್ಬರೂ ಓದಿಸಿದರು. ಇಬ್ಬರು ಅಜ್ಜಂದಿರು, ಒಂದೇ ದಿನ, ಒಂದೇ ಈಟಿ, ಒಂದೇ ಚಿಲಕ.

“ಏನ್ರೀ ಪಂಡಿತರೆ, ಒಬ್ಬರೇ ಒಂಟಿಯಾಗಿ ನಿಂತಿದ್ರು ಅಂತ ಬರೆದಿದ್ದೀರಿ. ಇವರ ಅಜ್ಜ ಎಲ್ಲಿಂದ ಬಂದ್ರು?” ಎಂದು ಗೌಡರು ಕೇಳಿದರು.

ಪಂಡಿತರು ಪಾಯಸದ ದೊನ್ನೆ ಕೆಳಗಿಡಲೂ ಇಲ್ಲ. “ಬಾಗಿಲು ದೊಡ್ಡದಿತ್ತು” ಎಂದರು.

೩. ಮೆಲುಕು

ಚಳ್ಳಕೆರೆಯ ಸುತ್ತ ಅಮೃತಮಹಲ್ ದನಗಳು ಮೇಯುವ ಕಾವಲುಗಳಿವೆ. ಹಿಂದಿನ ಕಾಲದಲ್ಲಿ ಈ ತಳಿಯ ಎತ್ತುಗಳೇ ದಂಡಿನ ಫಿರಂಗಿ ಎಳೆದವು. ಇದು ನಿಜ. ಪಂಡಿತರಿಗೆ ನಿಜ ಸಾಲುತ್ತಿರಲಿಲ್ಲ.

ಒಂದು ಸಂತೆಯ ದಿನ ಮಧ್ಯಾಹ್ನ ಅವರು ಗಾಡಿ ಹತ್ತಿ ಕಹಳೆಯಲ್ಲಿ ಕೂಗಿದರು: “ಮೂರು ಹಗಲು, ಮೂರು ರಾತ್ರಿ! ಒಂದು ಗಳಿಗೆ ನಿಲ್ಲದೆ, ಮಲಗದೆ, ಬೆಟ್ಟ ಹತ್ತಿ ಇಳಿದು ಓಡಿದವು ನಮ್ಮ ಎತ್ತುಗಳು!”

ಕಂಬಳಿ ಹೊದ್ದು ಮುಂದೆ ಕೂತಿದ್ದ ಕಾವಲಿನ ದನಗಾಹಿಯೊಬ್ಬ ಕೈ ಎತ್ತಿದ. “ಬುದ್ಧಿ, ಮೆಲುಕು ಯಾವಾಗ ಹಾಕಿದ್ವು?”

“ಏನು?”

“ಮೆಲುಕು ಬುದ್ಧಿ. ಎತ್ತು ತಿಂದಿದ್ದನ್ನ ಕೂತು ಮೆಲುಕು ಹಾಕ್ಬೇಕು. ಹಾಕ್ದಿದ್ರೆ ಹೊಟ್ಟೆ ಉಬ್ಬರಿಸ್ಕೊಂಡು ಸಾಯ್ತೈತೆ.”

“ಯುದ್ಧಕಾಲದಲ್ಲಿ ಮೆಲುಕಿಗೆ ಬಿಡುವೆಲ್ಲಿ, ಲೇ?”

“ಯುದ್ಧ ಐತೆ ಅಂತ ಎತ್ತಿಗೆ ಯಾರು ಹೇಳಿದ್ರು ಬುದ್ಧಿ?”

ಜನ ನಕ್ಕರು. ಪಂಡಿತರು ನಿಂತಿದ್ದ ಗಾಡಿಯ ಎತ್ತುಗಳು ನೊಗ ಕಳಚಿಸಿಕೊಂಡು ಅಲ್ಲೇ ನೆರಳಿಗೆ ಮಲಗಿ, ಇಡೀ ಭಾಷಣದುದ್ದಕ್ಕೂ ಮೆಲುಕು ಹಾಕುತ್ತಲೇ ಇದ್ದವು.

ಪಂಡಿತರು ಟೀಕೆಯನ್ನು ಅಲಕ್ಷಿಸುವವರಲ್ಲ ಎಂದು ಹೇಳಲೇಬೇಕು. ಮುಂದಿನ ಕರಡಿನಲ್ಲಿ ಆ ಸಾಲು ಹೀಗಿತ್ತು: “ಎತ್ತುಗಳು ಓಡುತ್ತಲೇ ಮೆಲುಕು ಹಾಕಿದವು.” ನಾನು ಮೆಲುಕು ಎಂಬ ಮಾತಿನ ಕಾಗುಣಿತ ನೋಡಿದೆ. ಸರಿಯಾಗಿತ್ತು. ಹಾಗೆಯೇ ಬಿಟ್ಟೆ.

೪. ಬಂಡೆಯ ಮೇಲೆ

ಸಿದ್ದಾಪುರದ ಹತ್ತಿರ ಬ್ರಹ್ಮಗಿರಿಯ ಬುಡದಲ್ಲಿ ಅಶೋಕನ ಶಾಸನದ ಬಂಡೆ ಇದೆ. ಊರಿನವರು ಅದನ್ನು ಅಕ್ಷರಗುಂಡು ಎನ್ನುತ್ತಾರೆ. ಅದರ ಮೇಲೆ ನೀರು ಹೊಯ್ದು, ಆ ನೀರು ಹಿಡಿದು ಕಾಯಿಲೆಯ ದನಕ್ಕೆ ಕುಡಿಸಿದರೆ ವಾಸಿಯಾಗುತ್ತದೆಂದು ನಂಬಿಕೆ.

ಒಂದು ಭಾನುವಾರ ಪಂಡಿತರು ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಚಪ್ಪಲಿ ಕಾಲಿನಲ್ಲೇ ಬಂಡೆ ಹತ್ತಿ, ಕುರಿ ಮೇಯಿಸುವವರು ನಾಲ್ಕು ಜನ ಸೇರಿದ ಕೂಡಲೇ ಶುರುಮಾಡಿದರು: “ಇದು ದಂಡಿಗೆ ಕೊಟ್ಟ ಆಜ್ಞೆ! ಎಡಕ್ಕೆ ಆನೆ, ಬಲಕ್ಕೆ ಕುದುರೆ, ಕೈಗೆ ಸಿಕ್ಕವರನ್ನೆಲ್ಲ ಕಡಿಯಿರಿ ಎಂದು ಬರೆದಿದೆ!” ಆ ಲಿಪಿ ಓದಲು ಅವರಿಗೆ ಬರುತ್ತಿರಲಿಲ್ಲ. ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅದೇ ಅವರ ಧೈರ್ಯ.

ಒಬ್ಬ ಮುದುಕಿ ತಂಬಿಗೆ ಹಿಡಿದು ಬಂದಳು. “ದಿಗು ಸಾಮಿ, ದಿಗು” ಎಂದು ತೆಲುಗಿನಲ್ಲಿ ಗದರಿದಳು. ಅವರು ಇಳಿಯಲಿಲ್ಲ. ಕನ್ನಡದಲ್ಲಿ ಹೇಳಿದಳು: “ಕೆಳಗಿಳೀರಿ ಸಾಮಿ, ನಮ್ಮೆಮ್ಮೆ ಮೇವು ಮುಟ್ಟಿ ಎರಡು ದಿನ ಆತು, ನೀರು ಹೊಯ್ಯಬೇಕು.”

“ತಡಿ ಅಜ್ಜಿ, ಆನೆಗಳು ಈಗ ತಾನೆ ಹೊರಟಿವೆ” ಎಂದು ಪಂಡಿತರು ಮುಂದುವರಿದರು.

ಮುದುಕಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ನೀವು ಓದಿದೋರಂಗೆ ಕಾಣ್ತೀರಿ. ಇದ್ರಾಗೆ ನಿಜವಾಗ್ಲೂ ಏನು ಬರೆದೈತಪ್ಪಾ?”

ಅದನ್ನು ಓದಬಲ್ಲವರು ಬರೆದದ್ದನ್ನು ನಾನು ಓದಿದ್ದೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಿಗೆ ದಯೆ ತೋರಿಸಬೇಕು, ನಿಜವನ್ನೇ ಹೇಳಬೇಕು ಎಂದಿದೆ ಎಂದೆ.

ಮುದುಕಿ ತಲೆ ಎತ್ತಿ ಪಂಡಿತರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಮತ್ತೆ ಇವರು ಅದರ ಮೇಲೆ ಎಷ್ಟೊತ್ತಿಂದ ನಿಂತವ್ರೆ?”

೫. ಬಿಳಿ ಕುದುರೆ

ಯುದ್ಧ ಗೆದ್ದ ಸಂತೋಷಕ್ಕೆ ನಮ್ಮ ಶಾಲೆಯ ಅಂಗಳದಲ್ಲಿ ಒಂದು ಸಂಜೆ ಸಭೆ ಸೇರಿತು. ಪಂಡಿತರದೇ ಭಾಷಣ. ಹೊಸ ಪುಸ್ತಕದ ಹಾಳೆಗಳನ್ನು ಅವರು ನನಗೆ ಇನ್ನೂ ತೋರಿಸಿರಲಿಲ್ಲ. ಅವ್ವ ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಮಗನ ವಿಷಯ ಹೇಳುತ್ತಾರಂತೆ ಎಂದು ಯಾರೋ ಕರೆತಂದಿದ್ದರು.

ಹತ್ತನೆಯ ಪುಟ ನಾನು ಹೆದರಿದಂತೆಯೇ ಇತ್ತು. ನನ್ನ ತಮ್ಮ ಬಿಳಿ ಕುದುರೆ ಏರಿದ. ಕತ್ತಿ ಹಿರಿದ. ಹದಿನೇಳು ಶತ್ರುಗಳನ್ನು ಕೆಡವಿದ. ಎದೆಗೆ ಈಟಿ ತಗುಲಿದ ಮೇಲೆ ಕುದುರೆಯ ಮೇಲೇ ನೆಟ್ಟಗೆ ಕೂತು ಸಂಸ್ಕೃತ ತುಂಬಿದ ಕನ್ನಡದಲ್ಲಿ ಒಂದೂವರೆ ಪುಟ ಮಾತಾಡಿದ.

“ಅಲ್ಲೀವರ್ಗೂ ಶತ್ರು ಕಾಯ್ಕೊಂಡು ನಿಂತಿದ್ನಾ ಬುದ್ಧಿ?” ಎಂದು ಹಿಂದಿನಿಂದ ಒಂದು ದನಿ ಬಂತು. ಅದೇ ಕಾವಲಿನ ದನಗಾಹಿ.

ನಾನು ನೆಲ ನೋಡುತ್ತಿದ್ದೆ. ನಗು ನಿಂತಾಗ ಇನ್ನೊಂದು ದನಿ ಕೇಳಿತು. ಅವ್ವ ಎದ್ದು ನಿಂತಿದ್ದಳು.

“ಸ್ವಾಮಿ, ಆ ಕುದುರೆಗೆ ನೀರು ಕುಡಿಸ್ದೋರು ಯಾರು?”

ಪಂಡಿತರು ಕಹಳೆ ಇಳಿಸಿದರು. “ಯಾರೋ ಒಬ್ಬ ಆಳು ಕುಡಿಸಿದ್ದಾನು ತಾಯಿ. ಅದು ಚರಿತ್ರೆಗೆ ಸೇರುವುದಿಲ್ಲ.”

“ಆ ಆಳೇ ನನ್ನ ಮಗ” ಎಂದಳು ಅವ್ವ. “ಕುದುರೆ ಮೇಲೆ ಕೂತೋನು ಬೇರೆ ಯಾರ್ದೋ ಮಗ. ನಮ್ಮ ಚಿಕ್ಕೋನು ಕುದುರೆ ಕಂಡ್ರೆ ಬೇಲಿ ಹಾರ್ತಿದ್ದ. ಅಷ್ಟು ದೊಡ್ಡ ಮಾತು ಆಡಿ ಸತ್ತಿದ್ದು ನಿಜ ಆದ್ರೆ, ಅವನ ಅವ್ವಗೆ ಹೋಗಿ ಹೇಳ್ರಿ. ಪಾಪ, ದಾರಿ ಕಾಯ್ತಿರ್ತಾಳೆ.”

ಹೇಳಿ ಕೂತಳು. ಪಂಡಿತರು ಕಹಳೆಯನ್ನು ಮತ್ತೆ ಬಾಯಿಗೆ ಹಿಡಿದರು. ಗಡಿಬಿಡಿಯಲ್ಲಿ ಅಗಲದ ಬಾಯನ್ನು ತಮ್ಮ ಬಾಯಿಗಿಟ್ಟುಕೊಂಡಿದ್ದರು. ಅವರು ಆಮೇಲೆ ಹೇಳಿದ್ದೆಲ್ಲ ಅವರಿಗೊಬ್ಬರಿಗೇ ಕೇಳಿಸಿತು.

೬. ಕಾಗುಣಿತ ಸರಿಯಿತ್ತು

ಮರುದಿನ ಬೆಳಿಗ್ಗೆ ಪಂಡಿತರು ಶಾಲೆಗೇ ಬಂದರು. “ನಿಮ್ಮ ತಮ್ಮನನ್ನು ತೆಗೆದುಹಾಕಿದ್ದೇನೆ. ನಿಮ್ಮದು ಕೃತಜ್ಞತೆ ಇಲ್ಲದ ಮನೆತನ” ಎಂದು ಹಾಳೆ ತೋರಿಸಿದರು. ತಲೆಯ ಮೇಲಿದ್ದ ತಮ್ಮನ ಹೆಸರನ್ನು ಮಸಿಯಿಂದ ಪೂರ್ತಿ ಅಳಿಸಿದ್ದರು. ನನಗೆ ಎಷ್ಟೋ ತಿಂಗಳ ಮೇಲೆ ಉಸಿರು ಸರಾಗವಾಯಿತು.

ಹೊಸ ವೀರ ಯಾರೆಂದು ಅವರು ಇನ್ನೂ ಗೊತ್ತುಮಾಡಿರಲಿಲ್ಲ. ಹೆಸರನ್ನು ಆಮೇಲೆ ಬರೆದು ತಿಳಿಸುತ್ತೇನೆಂದು ಹಾಳೆಗಳನ್ನು ಹಾಗೆಯೇ ಬೆಂಗಳೂರಿಗೆ ಕಳಿಸಿ ಊರೂರು ತಿರುಗಲು ಹೊರಟರು. ಬರೆಯುವುದನ್ನು ಮರೆತರು.

ಅಚ್ಚುಕೂಟದವನು ಅಪ್ಪಣೆ ಮೀರುವವನಲ್ಲ. ಗೀಟು ಕಂಡಲ್ಲೆಲ್ಲ ಹಾಳೆಯ ತಲೆಯ ಮೇಲಿನ ಹೆಸರು ಜೋಡಿಸಬೇಕು. ಈಗ ಅಲ್ಲಿ ಉಳಿದಿದ್ದ ಹೆಸರು ಒಂದೇ. ಅದು ಗ್ರಂಥಕರ್ತರದು, ಬಿರುದು ಸಮೇತ.

ಕರಡು ನನ್ನ ಕೈಗೆ ಬಂತು. ಯುದ್ಧಪಂಡಿತರು ಬಿಳಿ ಕುದುರೆ ಏರಿ, ಹದಿನೇಳು ಜನರನ್ನು ಕೆಡವಿ, ಒಂದೂವರೆ ಪುಟ ಮಾತಾಡಿ, ಬಸ್ರಾದ ಮರಳಿನಲ್ಲಿ ಪ್ರಾಣ ಬಿಟ್ಟಿದ್ದರು. ನಾನು ಮೂರು ಸಲ ನಿಧಾನವಾಗಿ ಓದಿದೆ. ಬಿರುದಿನಲ್ಲಿ ಒಂದು ಕಡೆ ಒತ್ತು ಬಿಟ್ಟುಹೋಗಿತ್ತು. ಅದನ್ನು ಹಾಕಿದೆ. ಸಹಿ ಮಾಡಿ ಅಂಚೆಗೆ ಕೊಟ್ಟೆ.

ಪುಸ್ತಕ ಪಂಡಿತರಿಗಿಂತ ಮೊದಲೇ ಮೊಳಕಾಲ್ಮೂರು ಸೇರಿತು. ಮುಂದಿನದನ್ನು ನಾನು ಅಲ್ಲಿನ ಶಾಲೆಯ ಮೇಷ್ಟ್ರಿಂದ ಕೇಳಿದ್ದು. ಸಂತೆಯ ದಿನ ಪಂಡಿತರು ಗಾಡಿ ಹತ್ತಿದಾಗ ನೇಕಾರರೊಬ್ಬರು ಪುಸ್ತಕ ಹಿಡಿದು ಮುಂದೆ ಬಂದರು.

“ತಾವು ಯಾರು?”

“ನಾನೇ ಯುದ್ಧಪಂಡಿತ.”

“ಅವರು ತೀರಿಕೊಂಡ್ರಲ್ರೀ, ಬಸ್ರಾದಾಗೆ. ಹತ್ತನೇ ಪುಟ. ಅವರ ಗೌರವಕ್ಕೆ ಅರ್ಧ ದಿನ ಮಗ್ಗ ನಿಲ್ಸಿದ್ವಿ.”

“ಅದು ಅಚ್ಚಿನ ತಪ್ಪು!”

“ಅಂದ್ರೆ ಪಂಡಿತರ ಪುಸ್ತಕದಾಗೆ ಸುಳ್ಳು ಐತೆ ಅಂತೀರಾ?”

“ನನ್ನ ಪುಸ್ತಕದಲ್ಲಿ ಒಂದಕ್ಷರ ಸುಳ್ಳಿಲ್ಲ!” ಎಂದು ಪಂಡಿತರು, ಎಷ್ಟೋ ವರ್ಷಗಳ ರೂಢಿಯಿಂದ, ಕಹಳೆಯಲ್ಲೇ ಕೂಗಿಬಿಟ್ಟರು.

“ಹಂಗಾದ್ರೆ ಇಳೀರಿ” ಎಂದರು ನೇಕಾರರು.

ಮೂರನೆಯ ದಿನ ಪಂಡಿತರು ಧೂಳು ಮೆತ್ತಿದ ಮುಖದಲ್ಲಿ ನಮ್ಮ ಮನೆಯ ಬಾಗಿಲಿಗೆ ಬಂದರು. “ಮೇಷ್ಟ್ರೇ, ನೀವು ಕರಡು ನೋಡಲಿಲ್ಲವೆ?”

“ನೋಡಿದೆ ಸ್ವಾಮಿ. ಕಾಗುಣಿತ ಸರಿಯಿತ್ತು. ವಿಷಯ ಮುಟ್ಟಲಿಲ್ಲ.”

ಅವರು ಕಹಳೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದರು. ಒಳಗೆ ಅವ್ವ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ತಮ್ಮನ ಕಾಗದ ಬಂದಂದಿನಿಂದ ಅವಳು ಸೋಸದ ನೀರನ್ನು ಯಾರಿಗೂ ಕೊಟ್ಟವಳಲ್ಲ. ಬಂದವರು ಯಾರೆಂದು ಕೇಳಿದಳು. ಪಂಡಿತರು ಬಸ್ರಾದಲ್ಲಿ ಕುದುರೆ ಮೇಲೆ ಸತ್ತರೆಂದು ಪುಸ್ತಕದಲ್ಲಿ ಅಚ್ಚಾಗಿರುವುದನ್ನು ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವ್ವ ಕೊಡದ ಬಟ್ಟೆ ಬಿಚ್ಚಿ ಹಿಂಡಿದಳು.

“ಅವರ ಅವ್ವಗೆ ಯಾರಾದ್ರೂ ಹೇಳಿದ್ರಾ?” ಎಂದಳು.