ಬೀಗರ ಊಟ ಮತ್ತು ನನ್ನ ಗುಂಡಿಗೆ

ಹೊಟ್ಟೆ ಮತ್ತು ಗುಂಡಿಗೆ ಬೇರೆ ಬೇರೆ ಇಲಾಖೆಗಳು, ಒಂದರ ಕೆಲಸಕ್ಕೆ ಇನ್ನೊಂದು ತಲೆ ಹಾಕುವುದಿಲ್ಲ ಎಂದೇ ನಾನು ನಂಬಿದ್ದೆ. ಹಾಸನದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರಿಗೆ ಇಷ್ಟೂ ಗೊತ್ತಿಲ್ಲವೇ ಎಂದು ನೀವು ನಗಬಹುದು. ಊಟ ಮಾಡಿ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ ಎಂದು ತೋರಿಸಲು ಹೋದಾಗ ಡಾಕ್ಟರು ಮಾತ್ರ ನಗಲಿಲ್ಲ. "ರಕ್ತನಾಳ ಒಂದು ಕಡೆ ಸಣ್ಣಗಾಗಿದೆ. ಮಾತ್ರೆ ಕೊಡ್ತೀನಿ. ಆದ್ರೆ ಹೊಟ್ಟೆ ಬಿರಿಯೋ ಹಾಗೆ ಉಣ್ಬೇಡಿ ಮೇಷ್ಟ್ರೇ. ಹೊಟ್ಟೆ ಹಿಗ್ಗಿದ್ರೆ ಅಲ್ಲಿನ ನರಗಳು ಸುದ್ದಿ ಕಳಿಸ್ತವೆ, ಗುಂಡಿಗೆಗೆ ರಕ್ತ ಕೊಡೋ ನಾಳ ಇನ್ನೂ ಬಿಗಿಯುತ್ತೆ. ಅದೇನು ನಿಮ್ಮನ್ನ ಕೇಳಿ ಆಗೋದಲ್ಲ" ಎಂದರು. ಬಿಸಿ ಪಾತ್ರೆ ಮುಟ್ಟಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ ಎಂದು ವರ್ಷ ವರ್ಷವೂ ಮಕ್ಕಳಿಗೆ ಪಾಠ ಮಾಡಿದವನು ನಾನು. ಅಂಥದ್ದೇ ಒಂದು ನನ್ನೊಳಗೆ ಕೂತು ನನ್ನ ಅಪ್ಪಣೆಯಿಲ್ಲದೆ ಕೆಲಸ ನಡೆಸುತ್ತಿದೆ ಎಂದು ತಿಳಿದ ಮೇಲೆ ಇಡ್ಲಿ ಕಂಡರೂ ಎದೆ ಮುಟ್ಟಿ ನೋಡಿಕೊಳ್ಳತೊಡಗಿದೆ.

ಸರಿಯಾಗಿ ಆಗಲೇ ಬೀಗರ ಊಟ ಬಂತು. ಮಗಳು ರಶ್ಮಿಯನ್ನು ಕೊಣನೂರಿಗೆ ಕೊಟ್ಟಿದ್ದೇವೆ. ಮದುವೆಯಾದ ಮೇಲೆ ಗಂಡಿನ ಕಡೆಯವರು ನಮ್ಮನ್ನು ಕರೆದು, ಮರಿ ಕಡಿದು, ಮುದ್ದೆ ಸಾರು ಇಕ್ಕುವ ಊಟ ಇದು. ಇಲ್ಲಿ 'ಸಾಕು' ಎಂಬ ಮಾತಿಗೆ ಬೆಲೆಯಿಲ್ಲ. ಬೀಗರಿಬ್ಬರು ಎದುರುಬದುರು ಕೂತು ಉಣ್ಣಬೇಕು, ಒಬ್ಬರನ್ನು ಬಿಟ್ಟು ಒಬ್ಬರು ಏಳುವ ಹಾಗಿಲ್ಲ. ಕಡಿಮೆ ಉಂಡರೆ ಮುನಿಸು ಎಂದು ಅರ್ಥ. ಕಾಯಿಲೆ ಎಂದು ಬಾಯಿಬಿಟ್ಟರೆ, 'ಹೆಣ್ಣಿನಪ್ಪನಿಗೆ ಹಾರ್ಟಂತೆ, ಮುಚ್ಚಿಟ್ಟು ಮದುವೆ ಮಾಡವ್ರೆ' ಎಂಬ ಸುದ್ದಿ ನಾವು ವಾಪಸು ಬಸ್ಸು ಹತ್ತುವ ಮೊದಲೇ ಅರಕಲಗೂಡು ಮುಟ್ಟಿರುತ್ತದೆ. ನಿಜ ಹೇಳುತ್ತೇನೆ, ನನಗೆ ಸಾಯುವ ಭಯವೇ ಹಿಡಿದಿತ್ತು. ಅದೂ ಮಗಳ ಅತ್ತೆಮನೆಯಲ್ಲಿ, ಎಲೆಯ ಮುಂದೆ.

ಒಂದು ಮುದ್ದೆ ಮುಗಿಸಿ ಕೈ ಅಡ್ಡ ಇಟ್ಟೆ. "ಯಾಕ್ ಬೀಗ್ರೆ, ಸಾರು ಸರಿಯಾಗ್ನಿಲ್ವಾ?" ಎಂದು ಎದುರು ಕೂತಿದ್ದ ಬೀಗರು, ರಶ್ಮಿಯ ಮಾವ, ಕೇಳಿದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ರಶ್ಮಿಯ ಮುಖ ಸಣ್ಣದಾಯಿತು. "ಅಪ್ಪಾ, ಊಟ ಸೇರ್ಲಿಲ್ವಾ?" ಎಂದಳು. ಆ ಮುಖ ನೋಡಿದ ಮೇಲೆ ಗುಂಡಿಗೆಯ ಮಾತು ಎಲ್ಲಿಂದ ಬರಬೇಕು? "ಹಾಕಿ" ಎಂದೆ. "ಇಕ್ಕಲಾ, ಬೀಗ್ರಿಗೆ ಬಿಸೀದು ಇಕ್ಕು" ಎಂದು ಬೀಗರು ಕೂಗಿ, ತಾವೂ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಅರ್ಧ ಉಣ್ಣುವಷ್ಟರಲ್ಲಿ ಎದೆ ಹಿಡಿದಂತಾಯಿತು. ಅದು ನಾಳ ಬಿಗಿದದ್ದೋ, ಹೆದರಿಕೆಯೋ ಗೊತ್ತಾಗಲಿಲ್ಲ. ಬೆವರು ಒರೆಸಿಕೊಂಡು ತಲೆ ಎತ್ತಿದರೆ ಬೀಗರೂ ಬೆವರು ಒರೆಸಿಕೊಳ್ಳುತ್ತಿದ್ದರು.

ಕೈ ತೊಳೆಯಲು ನೀರಿನ ತೊಟ್ಟಿಯ ಹತ್ತಿರ ಹೋದಾಗ ಅವರು ಜೇಬಿನಿಂದ ಮಾತ್ರೆ ತೆಗೆದರು. ನನ್ನ ಜೇಬಿನಲ್ಲಿದ್ದದ್ದೂ ಅದೇ ಮಾತ್ರೆ. ತೆಗೆದು ತೋರಿಸಿದೆ. ಬೀಗರು ಅತ್ತ ಇತ್ತ ನೋಡಿ ದನಿ ತಗ್ಗಿಸಿದರು. "ಒಟ್ಟೆ ತುಂಬ ಉಣ್ಬ್ಯಾಡ ಅಂದವ್ರೆ ಡಾಕ್ಟ್ರು. ನೀವ್ ಎದ್ರೆ ನಾನೂ ಏಳವ ಅಂತ ಕಾಯ್ತಿದ್ದೆ ಕಣ್ರೀ."

"ನಾನೂ ನಿಮ್ಮನ್ನೇ ಕಾಯ್ತಿದ್ದೆ" ಎಂದೆ. ಅಲ್ಲೇ ಒಪ್ಪಂದವಾಯಿತು: ನಾವು ಹಾಸನದಲ್ಲಿ ತಿರುಗಿ ಕೊಡುವ ಬೀಗರ ಊಟದಲ್ಲಿ ಇಬ್ಬರಿಗೂ ಒಂದೇ ಮುದ್ದೆ, ಒಟ್ಟಿಗೆ ಏಳುವುದು.

ಹೋದ ಭಾನುವಾರ ಅವರು ನಮ್ಮ ಮನೆಗೆ ಬಂದರು. ಒಂದು ಮುದ್ದೆ ಮುಗಿಯಿತು. ಬೀಗರು ನನಗೆ ಕಣ್ಣಿನಲ್ಲೇ ಸನ್ನೆ ಮಾಡಿ ಎಲೆ ಮಡಿಸಲು ಕೈ ಹಾಕಿದರು. ನಮ್ಮ ನೆಂಟರೆಲ್ಲ ನನ್ನ ಮುಖ ನೋಡಿದರು. "ಇನ್ನೊಂದ್ ಇಕ್ಕಿಸ್ಕಳಿ ಬೀಗ್ರೆ, ಏನೂ ಉಣ್ಲೇ ಇಲ್ಲ ನೀವು" ಎಂದು ಯಾರೋ ಅಂದರು. ದನಿ ನನ್ನದೇ ಆಗಿತ್ತು. ಬಡಿಸುವವನನ್ನು ಕರೆಯಲು ಮೇಲೆ ಹೋಗಿದ್ದ ಕೈಯೂ ನನ್ನದೇ. ಅದೇನು ನನ್ನನ್ನು ಕೇಳಿ ಮೇಲೆ ಹೋದದ್ದಲ್ಲ.

ಬೀಗರು ಮಡಿಸುತ್ತಿದ್ದ ಎಲೆ ಬಿಡಿಸಿ, "ಇಕ್ಕಪ್ಪ" ಎಂದು ಬಡಿಸುವವನಿಗೆ ಹೇಳಿ, ನನ್ನ ಎಲೆಯ ಕಡೆ ಬೆರಳು ತೋರಿಸಿದರು. "ಮೊದ್ಲು ಅಲ್ಲಿಗೆ."