ಸಾರಿಗೆ ಉಪ್ಪು ಕಡಿಮೆ ಅಂದಿದ್ದಕ್ಕೆ

ಇರುವ ಊರಿನಲ್ಲೇ ಹೋಟೆಲ್ ರೂಮು ಮಾಡಿ ಮಲಗುವವರು ಎರಡೇ ಥರ: ಹೆಂಡತಿ ಜೊತೆ ಜಗಳ ಆಡಿದವರು, ಇಲ್ಲವೇ ಮನೆಯಲ್ಲಿ ಜಿರಲೆ ಇರುವವರು. ನಾವು ಎರಡನೆಯವರು. ಜಯನಗರದ ನಮ್ಮ ಮನೆಗೆ ಔಷಧಿ ಹೊಡೆಯಲು ಬಂದಾತ, "ಇವತ್ತು ರಾತ್ರಿ ಒಳಗೆ ಮಲಗ್ಬೇಡಿ ಸಾರ್" ಅಂದುಬಿಟ್ಟ. ನೆಂಟರೇನೋ ಬ್ಲಾಕಿಗೊಬ್ಬರು ಇದ್ದಾರೆ. ಆದರೆ ಯಾಕೆ ಬಂದಿರಿ ಅಂತ ಕೇಳಿದರೆ ಹೇಳುವುದೇನು? ನನ್ನ ಹೆಂಡತಿ ವಿಮಲಾಗೆ ಅಡುಗೆಮನೆಯ ಮಾನ ಅಂದರೆ ತನ್ನದೇ ಮಾನ. ಜೆ.ಪಿ. ನಗರದ ಒಂದು ಪುಟ್ಟ ಹೋಟೆಲಿನಲ್ಲಿ, ರಾತ್ರಿ ಊಟ, ಬೆಳಗಿನ ತಿಂಡಿ ಎರಡೂ ಸೇರಿ, ಮೊಬೈಲಿನಲ್ಲೇ ರೂಮು ಬುಕ್ ಮಾಡಿದಳು.

ರೂಮಿನಲ್ಲಿ ಬ್ಯಾಗಿಟ್ಟು, ಮುಖ ತೊಳೆದು ಬಂದು ಕೇಳಿದರೆ, "ಊಟ ಫಸ್ಟ್ ಫ್ಲೋರ್" ಅಂದರು ಕೌಂಟರಿನವರು. ಮೆಟ್ಟಿಲು ಹತ್ತಿದರೆ ಎದುರಿಗೇ ಮಾವಿನ ತೋರಣ, ಒಳಗೆ ಸಾಲಾಗಿ ಬಾಳೆ ಎಲೆ. ರೇಷ್ಮೆ ಪಂಚೆ ಉಟ್ಟ ಹಿರಿಯರೊಬ್ಬರು ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಬನ್ನಿ ಬನ್ನಿ, ನಿಮಗೋಸ್ಕರಾನೇ ಕಾಯ್ತಿದ್ವಿ!" ಅಂದರು. ನಾನು ಬೆಪ್ಪಾದೆ. ಹೋಟೆಲ್ ಮಾಲೀಕರು ಗಿರಾಕಿಗಳನ್ನು ಹೀಗೆ ಕೈಹಿಡಿದು ಕರೆಯುತ್ತಾರೆ ಅಂತ ಯಾರು ಕಂಡಿದ್ದರು? ವಿಮಲಾ ಮಾತ್ರ, "ನೋಡಿ, ನಾನು ಆರಿಸಿದ ಜಾಗ" ಅನ್ನುವ ಮುಖ ಮಾಡಿಕೊಂಡು ಎಲೆಯ ಮುಂದೆ ಕೂತಳು.

ಅವರು ಪಕ್ಕದಲ್ಲೇ ನಿಂತು ಬಡಿಸಿದರು. "ರೂಮು ಅನುಕೂಲವಾಗಿದ್ಯಾ?" ಅಂತ ಕೇಳಿದರು. ಕೇಳಿದ ಮೇಲೆ ಹೇಳಬೇಕಲ್ಲ! ಬಿಸಿನೀರು ಬರ್ತಿಲ್ಲ ಅಂದೆ. ಸಾರಿಗೆ ಉಪ್ಪು ಕಡಿಮೆ ಅಂದೆ. ಒಬ್ಬಟ್ಟು ನನಗೆ ಆಗಿಬರಲ್ಲ, ಹಾಗಾಗಿ ಎಲೆಗೆ ಕೈ ಅಡ್ಡ ಹಿಡಿದೆ. ಗಿರಾಕಿಯ ಗತ್ತು ತಲೆಗೇರಿ, "ಹೀಗಾದ್ರೆ ಮುಂದಕ್ಕೆ ಯೋಚನೆ ಮಾಡ್ಬೇಕಾಗುತ್ತೆ" ಅಂತಲೂ ಸೇರಿಸಿದೆ. ಪಾಪ, ಅವರ ಮುಖ ಸಣ್ಣದಾಯಿತು. ಒಳ್ಳೆ ವ್ಯಾಪಾರಿ, ಗಿರಾಕಿ ಮಾತು ಮನಸ್ಸಿಗೆ ಹಚ್ಚಿಕೊಳ್ತಾರೆ ಅಂದುಕೊಂಡೆ. ನಾವು ರೂಮಿಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಎರಡು ಬಕೆಟ್ ಬಿಸಿನೀರು, ಒಂದು ತಟ್ಟೆ ಹಣ್ಣು, ಹೊಸ ಹೊದಿಕೆ ಬಂದವು. "ರೀ, ಇದೆಲ್ಲ ಬುಕಿಂಗ್‌ನಲ್ಲಿ ಇರ್ಲಿಲ್ವಲ್ಲ" ಅಂತ ವಿಮಲಾ ಮೊಬೈಲ್ ತಿರುಗಿಸಿ ಮುರುಗಿಸಿ ನೋಡಿದಳು. ನನಗೂ ತಲೆಬುಡ ತಿಳಿಯಲಿಲ್ಲ.

ಬೆಳಿಗ್ಗೆ ತಿಂಡಿಗೆ ಅದೇ ಹಾಲ್‌ಗೆ ಹೋದೆವು. ಆ ಹಿರಿಯರು ನೊರೆನೊರೆ ಕಾಫಿ ಲೋಟವನ್ನು ನನ್ನ ಮುಂದಿಟ್ಟು, ತಮ್ಮ ಹೆಂಡತಿಯನ್ನೂ ಪಕ್ಕಕ್ಕೆ ಕರೆದು, ಇಬ್ಬರೂ ಕೈಮುಗಿದು ನಿಂತರು. ಅವರ ಕಣ್ಣು ಕೆಂಪಾಗಿತ್ತು.

"ನಮ್ಮಿಂದ ಏನೇ ತಪ್ಪಾಗಿದ್ರೂ ಹೊಟ್ಟೆಗೆ ಹಾಕ್ಕೊಳ್ಳಿ. ನಮ್ಮ ಹುಡುಗಿ ರಾತ್ರಿಯೆಲ್ಲ ಅತ್ತಿದಾಳೆ."

ನನಗೆ ಗಾಬರಿಯಾಯಿತು. ಸಾರಿಗೆ ಉಪ್ಪು ಕಡಿಮೆ ಅಂದರೆ ಹೋಟೆಲ್ ಮಾಲೀಕರ ಮಗಳು ಯಾಕೆ ಅಳಬೇಕು?

"ಹುಡುಗನ ಮನೆಗೆ ಫೋನ್ ಮಾಡೋಕೂ ಧೈರ್ಯ ಬರ್ಲಿಲ್ಲ. ಹುಡುಗನ ದೊಡ್ಡಪ್ಪ ನೀವೇ ಮುನಿಸ್ಕೊಂಡ್ರೆ ಇವತ್ತಿನ ನಿಶ್ಚಿತಾರ್ಥದ ಗತಿ ಏನು ಸ್ವಾಮಿ?"

"ಯಾವ ಹುಡುಗ? ನನಗೆ ಒಡಹುಟ್ಟಿದವರೇ ಇಲ್ವಲ್ಲ!" ಅಂದೆ. ವಿಮಲಾ ಮೆಲ್ಲಗೆ, "ನಾವು ಹೋಟೆಲಿಗೆ ಬಂದವ್ರು ಸಾರ್, ನಿನ್ನೆ ನಿಮ್ಮನ್ನೇ ಮಾಲೀಕರು ಅಂದ್ಕೊಂಡ್ವಿ" ಅಂದಳು.

ಆ ಮನುಷ್ಯ ಒಂದು ಗಳಿಗೆ ನನ್ನನ್ನೇ ದಿಟ್ಟಿಸಿದರು. ಆಮೇಲೆ "ಅಯ್ಯೋ ದೇವರೇ! ನೀವು ಯಾರೂ ಅಲ್ವಾ?" ಅಂತ ಕೂಗಿ ನನ್ನನ್ನು ಬಾಚಿ ತಬ್ಬಿಕೊಂಡರು. ಅವರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಲೇ ಅಮ್ಮಣ್ಣೀ, ಇವ್ರು ಯಾರೂ ಅಲ್ವಂತೆ ಕಣೇ!" ಅಂತ ಮಗಳಿಗೆ ಸಾರಿದರು. ಹುಡುಗಿ ಓಡಿಬಂದು ನನ್ನನ್ನು ನೋಡಿ ನಕ್ಕಳು. ಅವಳ ನಗು ಕಂಡು ನನಗೂ ಜೀವ ಬಂತು. ನಾನು ಯಾರೂ ಅಲ್ಲ ಅನ್ನುವುದು ಇಷ್ಟು ಜನರಿಗೆ ಸಂತೋಷ ಕೊಡುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಕೆಳಗೆ ಕಾರು ನಿಂತಿತು. ನಿನ್ನೆ ರಾತ್ರಿಯೇ ಬರಬೇಕಿದ್ದ, ಇವರು ಮುಖವನ್ನೇ ಕಂಡಿರದ ನಿಜವಾದ ದೊಡ್ಡಪ್ಪ ತುಮಕೂರಿನಿಂದ ಈಗ ಬಂದಿದ್ದರು. ಹಿರಿಯರು ನನ್ನ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡು, "ನಿಮ್ಮ ತಿಂಡಿ ಆ ಕಡೆ ರೂಮಲ್ಲಿ ಸಾರ್" ಅಂತ ಬೆರಳು ತೋರಿಸಿ ಮೆಟ್ಟಿಲಿಳಿದು ಓಡಿದರು. ಆ ಕಡೆ ರೂಮಿನಲ್ಲಿ ತಣ್ಣಗಿನ ಬ್ರೆಡ್ಡು, ಜಾಮು. ನಿಜವಾಗಿ ಮುನಿಸು ಬಂದದ್ದು ನನಗೆ ಆಗಲೇ. ಮುಖ ದಪ್ಪ ಮಾಡಿಕೊಂಡು ಬಹಳ ಹೊತ್ತು ಕೂತೆ. ಸಮಾಧಾನ ಮಾಡೋಕೆ ಒಬ್ಬರೂ ಬರಲಿಲ್ಲ.